ಲೇಯಾಳ ಆರನೆಯ ಮಗು

ವಂಶವೃಕ್ಷ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಾಣಲು ಬಂದರೆ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಆಧಾರವಿಲ್ಲದೆ ಯಾರದಾದರೂ ಹೆಸರಿನ ಮುಂದೆ ‘ಮೃತ’ ಎಂದು ಬರೆದಿದ್ದೀರಾ? ಇಲ್ಲ ಎನ್ನುತ್ತಾರೆ. ಬರೆದಿರುತ್ತಾರೆ. ಖಾಲಿ ಬಿಟ್ಟ ಜಾಗ ಕಣ್ಣಿಗೆ ಚುಚ್ಚುತ್ತದೆ, ಕೈ ತಾನಾಗಿಯೇ ತುಂಬಿಬಿಡುತ್ತದೆ. ನಾನೂ ಬರೆದಿದ್ದೇನೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕುವೈತಿನ ಶರ್ಕ್‌ನಲ್ಲಿ, ಏಳನೆಯ ಮಹಡಿಯ ತಣ್ಣನೆಯ ಆಫೀಸಿನಲ್ಲಿ ಕುಳಿತು, ಕಪ್ಪು ಶಾಯಿಯಲ್ಲಿ, ಬಹಳ ಅಂದವಾಗಿ.

ಆಮೇಲೆ ಮಂಗಳೂರಿನ ವಕೀಲರ ಕಚೇರಿಯೊಂದರಲ್ಲಿ ನಿವೃತ್ತಿಯವರೆಗೆ ಇದೇ ಕೆಲಸ ಮಾಡಿದೆ. ಪಾಲಿನ ದಾವೆಗಳು, ಕಳೆದುಹೋದ ವಾರಸುದಾರರು, ಒಂದೇ ಹೆಸರಿನ ಮೂರು ಅಜ್ಜಂದಿರು. ಅವುಗಳ ಬಗ್ಗೆ ಹೇಳುವವರು ಬೇರೆ ಇದ್ದಾರೆ. ನಾನು ಕೆಲಸ ಕಲಿತದ್ದು ಕುವೈತಿನಲ್ಲಿ, ಅದೂ ಅಮೆರಿಕದ ಒಂದು ರಾಜಕೀಯ ಮನೆತನದ ಕಾಗದಗಳ ನಡುವೆ. ಹಾಗಾಗಿ ಆ ಒಂದು ವರ್ಷದ ಕತೆಯನ್ನಷ್ಟೇ ಹೇಳುತ್ತೇನೆ.

ಅಲ್ಲಿಗೆ ನಾನು ಹೋದದ್ದು ಸೋದರಮಾವ ಶೀನಪ್ಪನವರು ವೀಸಾ ಕಳಿಸಿದ್ದರಿಂದ. ಅವರು ಸಾಲ್ಮಿಯಾದ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಾವಿಬ್ಬರೂ ಇದ್ದದ್ದು ಫರ್ವಾನಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ನನಗೆ ಒಂದು ಎಂಜಿನಿಯರಿಂಗ್ ಸಲಹಾ ಕಂಪನಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು ನಾನು. ಯಾರೇನೇ ಹೇಳಿದರೂ ‘ಆಧಾರ ಏನು?’ ಎನ್ನುವುದು ನನ್ನ ಚಾಳಿ. ದೇವರ ವಿಷಯದಲ್ಲೂ ಅದೇ, ಮೀನಿನ ತಾಜಾತನದ ವಿಷಯದಲ್ಲೂ ಅದೇ. ಮಾವನ ಮಾತಿನಲ್ಲಿ ಹೇಳುವುದಾದರೆ, “ಇವಳಿಗೆ ಗಂಡು ಹುಡುಕುವುದು ಬೇಡ ಮಾರಾಯ್ರೆ, ಕೋರ್ಟು ಹುಡುಕಿದ್ರೆ ಸಾಕು.”

ಕಂಪನಿಯ ಹಿರಿಯ ಸಲಹೆಗಾರ ಹ್ಯಾವರ್ಸನ್ ಎಂಬ ಅಮೆರಿಕದವರು. ಅರವತ್ತಾರು ವರ್ಷ, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಅವರ ಮುತ್ತಜ್ಜ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದ ಒಂದು ರಾಜ್ಯಕ್ಕೆ ಗವರ್ನರ್ ಆಗಿದ್ದವರು. ಗವರ್ನರರ ತಮ್ಮ ಸೆನೆಟರ್, ಅಕ್ಕನ ಮಗ ಕಾಂಗ್ರೆಸ್ ಸದಸ್ಯ. ಆ ಮನೆತನದ ಪೂರ್ತಿ ವಂಶಾವಳಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಸಾಯಬೇಕು ಎನ್ನುವುದು ಇವರ ಒಂದೇ ಹಟ. ಊರಿನಿಂದ ಪೆಟ್ಟಿಗೆಗಟ್ಟಲೆ ಕಾಗದ ತರಿಸಿಕೊಂಡಿದ್ದರು. ನಾನು ತಪ್ಪಿಲ್ಲದೆ ಟೈಪ್ ಮಾಡುತ್ತೇನೆ, ಎದುರು ಮಾತಾಡುತ್ತೇನೆ ಎಂಬ ಎರಡು ಅರ್ಹತೆಗಳ ಮೇಲೆ ಸಂಜೆ ನಾಲ್ಕರಿಂದ ಏಳರವರೆಗೆ ಆ ಕೆಲಸಕ್ಕೆ ನನ್ನನ್ನು ಹಾಕಿಕೊಂಡರು.

ಕೆಲಸದ ರೀತಿ ಹೀಗಿತ್ತು. ಒಬ್ಬ ಮನುಷ್ಯನಿಗೆ ಒಂದು ಹಾಳೆ, ಹಾಳೆಗೊಂದು ಸಂಖ್ಯೆ. ಹಾಳೆಗಳೆಲ್ಲ ತಯಾರಾದ ಮೇಲೆ ನಕ್ಷೆ ಬರೆಯುವ ಮೇಜಿನ ಮೇಲೆ ಉದ್ದದ ಟ್ರೇಸಿಂಗ್ ಕಾಗದ ಹಾಸಿ, ಕಟ್ಟಡದ ನಕ್ಷೆ ಬರೆದ ಹಾಗೆ ಶಾಯಿಯಲ್ಲಿ ಕೊಂಬೆಗಳನ್ನು ಎಳೆಯುವುದು. ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಹೆಚ್ಚು ಕೆರೆದರೆ ಕಾಗದ ತೂತು. ಈಗ ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ, ಅಳಿಸಿದ್ದೂ ತಿಳಿಯುವುದಿಲ್ಲ. ಬ್ಲೇಡಿನ ಕಾಲದಲ್ಲಿ ತಪ್ಪಿಗೆ ಗುರುತು ಉಳಿಯುತ್ತಿತ್ತು.

ಮೊದಲ ತಿಂಗಳಲ್ಲೇ ದೊಡ್ಡ ಎಡವಟ್ಟು ಮಾಡಿದೆ. ನಮ್ಮದು ಅಳಿಯಸಂತಾನದ ಮನೆ. ಬಳಿ, ಅಂದರೆ ಗೋತ್ರದಂಥದ್ದು, ತಾಯಿಯಿಂದ ಬರುತ್ತದೆ. ಮನೆತನದ ಪಟ್ಟಿ ಎಂದರೆ ಅಜ್ಜಿ, ಅವಳ ಮಕ್ಕಳು, ಆ ಮಕ್ಕಳಲ್ಲಿ ಹೆಣ್ಣುಮಕ್ಕಳ ಮಕ್ಕಳು. ಗಂಡುಮಕ್ಕಳ ಮಕ್ಕಳು ಅವರವರ ತಾಯಿಯ ಪಟ್ಟಿಗೆ ಹೋಗುತ್ತಾರೆ. ಬೇರೆ ಥರ ಬರೆಯಬಹುದು ಎಂಬುದು ಪುಸ್ತಕದಲ್ಲಿ ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಪೆಟ್ಟಿಗೆಗಳನ್ನು ಬಿಚ್ಚಿ ಎಲ್ಲವನ್ನೂ ತಾಯಂದಿರ ಹೆಸರಿನಲ್ಲಿ ಜೋಡಿಸಿಬಿಟ್ಟೆ. ಇನ್ನೂರು ಚಿಲ್ಲರೆ ಹಾಳೆ.

ಹ್ಯಾವರ್ಸನ್ ಬಂದು ತಿರುವಿ ಹಾಕಿದರು. “ಮಿಸ್ ಶೆಟ್ಟಿ, ನನ್ನ ಮುತ್ತಜ್ಜ ಎಲ್ಲಿ?”

“ಅವರ ಅಮ್ಮನ ಕಟ್ಟಿನಲ್ಲಿ, ಸರ್.”

“ಅವರ ಮಕ್ಕಳು?”

“ಅವರ ಹೆಂಡತಿಯ ಕಟ್ಟಿನಲ್ಲಿ.”

“ಹಾಗಾದರೆ ಗವರ್ನರ್ ಹ್ಯಾವರ್ಸನ್‌ಗೆ ಸಂತಾನವೇ ಇಲ್ಲ!”

“ಇದೆ ಸರ್, ಇವರ ಮನೆಯಲ್ಲಿಲ್ಲ ಅಷ್ಟೆ. ಇವರ ಉತ್ತರಾಧಿಕಾರಿ ಅಕ್ಕನ ಮಗ, ಆ ಕಾಂಗ್ರೆಸ್ ಸದಸ್ಯ.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ರಾಜಕೀಯವಾಗಿ ನೋಡಿದರೆ ನಿಮ್ಮದೇ ಸರಿ. ಮಗ ಕುಡುಕ, ಕ್ಷೇತ್ರ ಹೋದದ್ದು ಸೋದರಳಿಯನಿಗೇ. ಆದರೆ ಇದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿ.”

ಬಿಚ್ಚಿ ಜೋಡಿಸಲು ಮೂರು ವಾರ ಹಿಡಿಯಿತು. ಒಂದು ಕಟ್ಟು ಮಾತ್ರ ಹಾಗೇ ಉಳಿಯಿತು, ಅದನ್ನು ಬದಲಾಯಿಸಬೇಕಾಗಿಯೇ ಇರಲಿಲ್ಲ. ಗವರ್ನರರ ತೋಟದಲ್ಲಿದ್ದ ಗುಲಾಮರ ವಾರ್ಷಿಕ ಪಟ್ಟಿಗಳು. ಅಲ್ಲಿ ಮೂಲದಲ್ಲೇ ತಾಯಿಯ ಹೆಸರು, ಕೆಳಗೆ ಮಕ್ಕಳು. ತಂದೆಯ ಹೆಸರು ಎಲ್ಲೂ ಇಲ್ಲ. ಗುಲಾಮ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ್ದು ಗುಲಾಮ, ತಂದೆ ಯಾರೇ ಆಗಿರಲಿ. ಅದು ಅಲ್ಲಿನ ಕಾನೂನು. ನಮ್ಮ ಕಡೆ ತಾಯಿಯಿಂದ ಬರುವುದು ಬಳಿ, ಮನೆ, ಗದ್ದೆ. ಅಲ್ಲಿ ತಾಯಿಯಿಂದ ಬರುತ್ತಿದ್ದದ್ದು ಸಂಕೋಲೆ. ಎರಡನ್ನೂ ಬರೆಯುವ ರೀತಿ ಮಾತ್ರ ಒಂದೇ. ವಾದ ಮಾಡಿ ಗೆಲ್ಲಬಹುದಾದ ವಿಷಯ ಅದಾಗಿರಲಿಲ್ಲ.

ತಾಯಂದಿರ ಪ್ರಕಾರ ಜೋಡಿಸಿದ್ದರಿಂದ ಒಂದು ಸಂಗತಿ ಎದ್ದು ಕಂಡಿತು. ಲೇಯಾ ಎಂಬ ಹೆಂಗಸಿನ ಹೆಸರಿನ ಕೆಳಗೆ ಒಂದು ವರ್ಷ ಆರು ಮಕ್ಕಳು. ಮರುವರ್ಷ ಐದು. ಇಲ್ಲದೆ ಹೋದದ್ದು ಕಿರಿಯವಳು, ಹ್ಯಾನಾ. ನಾಲ್ಕು ವರ್ಷದ ಮಗು.

ಅದೇ ದಿನಗಳಲ್ಲಿ ಅಮೆರಿಕದಿಂದ ಒಂದು ಪತ್ರ ಬಂತು. ಬರೆದವರು ಎಸ್ತರ್ ಎಂಬ ಎಂಬತ್ತು ವರ್ಷದ ನಿವೃತ್ತ ಶಾಲಾ ಶಿಕ್ಷಕಿ, ಕಪ್ಪು ಜನಾಂಗದವರು. ಹ್ಯಾವರ್ಸನ್ ವಂಶಾವಳಿ ತಯಾರಾಗುತ್ತಿದೆ ಎಂದು ಪತ್ರಿಕೆಯಲ್ಲಿ ನೋಡಿದ್ದರಂತೆ. ಪತ್ರ ಚಿಕ್ಕದು. ‘ಲೇಯಾ ನನ್ನ ಮುತ್ತಜ್ಜಿ. ನನಗೆ ನಿಮ್ಮ ಮನೆತನದ ಹೆಸರು ಬೇಡ. ಅವಳ ಕಿರಿಯ ಮಗಳು ಹ್ಯಾನಾಳನ್ನು ಮಾರಿದರು ಎಂದು ನಮ್ಮ ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಪ್ರತಿ ಭಾನುವಾರ ನಾವು ಅವಳ ಮಕ್ಕಳು ಮೊಮ್ಮಕ್ಕಳಿಗಾಗಿ ಪ್ರಾರ್ಥಿಸುತ್ತೇವೆ. ಅವರು ಎಲ್ಲಿದ್ದಾರೋ ತಿಳಿಯದು. ಯಾರಿಗೆ ಮಾರಿದರು, ಯಾವ ಊರಿಗೆ, ಅಷ್ಟು ನಿಮ್ಮ ಕಾಗದಗಳಲ್ಲಿ ಇದ್ದರೆ ತಿಳಿಸಿ.’

ನನಗೆ ಮೊದಲು ಬಂದದ್ದು ಅನುಮಾನ. ದೊಡ್ಡ ಮನೆತನಕ್ಕೆ ನಂಟು ಹೇಳಿಕೊಂಡು ವಾರಕ್ಕೆರಡು ಪತ್ರ ಬರುತ್ತಿದ್ದವು. ಇದೂ ಅಂಥದ್ದೇ ಅಂದುಕೊಂಡೆ. ಹ್ಯಾವರ್ಸನ್ ಪತ್ರವನ್ನು ಎರಡು ಸಲ ಓದಿ ಮೇಜಿನ ಮೇಲೆ ಮಗುಚಿ ಇಟ್ಟರು.

“ಆ ಮಗು ಸತ್ತುಹೋಯಿತು ಎಂದು ಬರೆಯಿರಿ,” ಎಂದರು.

ಆಧಾರ ಏನು ಎಂದು ನಾನು ಕೇಳಲಿಲ್ಲ. ಇದನ್ನು ನೀವು ಗಮನಿಸಬೇಕು. ಇಡೀ ಜನ್ಮದಲ್ಲಿ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಅವತ್ತು ಕೇಳಲಿಲ್ಲ. ಹೇಳಿದವರು ಮೇಲಧಿಕಾರಿ. ಕೇಳುತ್ತಿದ್ದವರು ದೂರದ ಯಾರೋ ಮುದುಕಿ. ಅನುಮಾನ ಪಡುವವರು ಎಲ್ಲರನ್ನೂ ಸಮನಾಗಿ ಅನುಮಾನಿಸುತ್ತೇವೆ ಎಂದು ಹೇಳಿಕೊಳ್ಳುತ್ತೇವೆ. ಸುಳ್ಳು. ‘ನಮ್ಮ ದಾಖಲೆಗಳ ಪ್ರಕಾರ ಹ್ಯಾನಾ ಬಾಲ್ಯದಲ್ಲಿ ಮೃತಳಾದಳು’ ಎಂದು ಟೈಪ್ ಮಾಡಿ ಕಳಿಸಿದೆ. ಟ್ರೇಸಿಂಗ್ ಕಾಗದದಲ್ಲೂ ಅವಳ ಹೆಸರಿನ ಮುಂದೆ ಆ ಪದವನ್ನು ಬರೆದೆ.

ಜುಲೈ ತಿಂಗಳಲ್ಲಿ ಉತ್ತರ ಬಂತು. ಈ ಸಲ ನನ್ನ ಹೆಸರಿಗೆ. ‘ಪ್ರಿಯ ಮಿಸ್ ಶೆಟ್ಟಿ, ಯಾವ ದಾಖಲೆ? ಅದರ ನಕಲು ಕಳಿಸಿ. ಅವಳು ಮಗುವಾಗಿದ್ದಾಗಲೇ ಸತ್ತಿದ್ದರೆ ಅವಳಿಗೆ ಮಕ್ಕಳಿರಲಿಲ್ಲ. ಹಾಗಿದ್ದರೆ ನಾವು ಇಷ್ಟು ಕಾಲ ಪ್ರಾರ್ಥಿಸಿದ್ದು ಯಾರಿಗಾಗಿ? ನಿಲ್ಲಿಸಬೇಕಾದರೆ ಹೇಳಿ, ನಿಲ್ಲಿಸುತ್ತೇವೆ. ಆದರೆ ಮೊದಲು ಕಾಗದ ತೋರಿಸಿ.’

ಎಷ್ಟೋ ವೇದಿಕೆಗಳಲ್ಲಿ ನಾನು ಎದುರಾಳಿಗೆ ಹಾಕಿದ ಪ್ರಶ್ನೆಯನ್ನು ಎಂಬತ್ತು ವರ್ಷದ ಮೇಡಂ ಒಬ್ಬರು ನನಗೇ ಹಾಕಿದ್ದರು. ಎರಡು ಸಂಜೆ ಪೆಟ್ಟಿಗೆಗಳನ್ನೆಲ್ಲ ಹುಡುಕಿದೆ. ಸಾವಿನ ಉಲ್ಲೇಖ ಎಲ್ಲೂ ಇರಲಿಲ್ಲ. ತೋಟದಲ್ಲಿ ಸತ್ತವರ ಪಟ್ಟಿ ಬೇರೆಯೇ ಇತ್ತು. ಆ ವರ್ಷ ಸತ್ತ ಎರಡು ಹೇಸರಗತ್ತೆಗಳ ಹೆಸರು ಕೂಡ ಅದರಲ್ಲಿ ಇತ್ತು. ಹ್ಯಾನಾ ಇರಲಿಲ್ಲ.

ಹ್ಯಾವರ್ಸನ್ ಎದುರು ಹೋಗಿ ನಿಂತೆ. “ಸರ್, ಎರಡು ಬೇರೆ ಬೇರೆ ದಾಖಲೆ ಇಲ್ಲದೆ ಏನನ್ನೂ ಸೇರಿಸಬಾರದು ಎಂದು ನಿಯಮ ಮಾಡಿದ್ದು ನೀವು. ಇದಕ್ಕೆ ಒಂದೂ ಇಲ್ಲ.”

“ಮಕ್ಕಳು ಸಾಯುತ್ತಿದ್ದ ಕಾಲ ಅದು.”

“ಮಾರುತ್ತಿದ್ದ ಕಾಲವೂ ಹೌದು.”

ಅವರು ಎರಡೂ ಕೈಗಳನ್ನು ಮೇಜಿನಡಿಗೆ ಎಳೆದುಕೊಂಡರು. “ಖಲಾಸ್, ಮಿಸ್ ಶೆಟ್ಟಿ. ಇದು ನನ್ನ ಕುಟುಂಬದ ಪುಸ್ತಕ.”

ನಾನು ರಾಜೀನಾಮೆ ಕೊಡಲಿಲ್ಲ, ಪದವನ್ನು ಕೆರೆದು ಹಾಕಲೂ ಇಲ್ಲ. ಎಸ್ತರ್‌ಗೆ ಉತ್ತರ ಬರೆಯಲಿಲ್ಲ. ಮುಂದಿನ ವಾರ ಬರೆಯೋಣ ಅಂದುಕೊಂಡೆ. ಆಗಸ್ಟ್ ಎರಡನೆಯ ತಾರೀಕು ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ಟಪಾಲು ನಿಂತಿತು, ಫೋನು ನಿಂತಿತು, ಶರ್ಕ್‌ನ ನಮ್ಮ ಕಟ್ಟಡದ ಬಾಗಿಲಲ್ಲಿ ಸೈನಿಕರು ಕೂತರು.

ಕೆಲವೇ ದಿನಗಳಲ್ಲಿ ಅಮೆರಿಕದವರೂ ಬ್ರಿಟಿಷರೂ ಹಾಜರಾಗಬೇಕೆಂದು ಆಜ್ಞೆ ಬಂತು. ಹೋದವರನ್ನು ಎಲ್ಲಿಗೋ ಒಯ್ಯುತ್ತಿದ್ದರು. ಅಂಥವರನ್ನು ಬಚ್ಚಿಟ್ಟವರಿಗೆ ಮರಣದಂಡನೆ ಎಂದು ಸಾರಿದರು. ಅದಾದ ಮೇಲೆ ಒಂದು ಮಧ್ಯಾಹ್ನ ಮಾವ ಹೋಟೆಲಿನ ತರಕಾರಿ ವ್ಯಾನಿನಲ್ಲಿ ಈರುಳ್ಳಿ ಚೀಲಗಳ ಹಿಂದೆ ಹ್ಯಾವರ್ಸನ್‌ರನ್ನು ಮಲಗಿಸಿಕೊಂಡು ಫರ್ವಾನಿಯಾಕ್ಕೆ ಬಂದರು. ಹ್ಯಾವರ್ಸನ್ ಇದ್ದದ್ದೂ ಸಾಲ್ಮಿಯಾದಲ್ಲೇ, ಮಾವನ ಹೋಟೆಲಿನ ಹತ್ತಿರ; ಅವರ ಕಟ್ಟಡದಲ್ಲಿ ಸೈನಿಕರು ಒಂದೊಂದೇ ಮಹಡಿ ಹುಡುಕುತ್ತ ಬರುತ್ತಿದ್ದರಂತೆ.

ನಾನು ಅಡುಗೆಮನೆಯಲ್ಲಿ ಮಾವನ ಹತ್ತಿರ ಜಗಳಕ್ಕೆ ನಿಂತೆ. “ಮಾವ, ಸಿಕ್ಕಿಬಿದ್ರೆ ಮೂರು ಜೀವ ಹೋಗ್ತದೆ. ಅವರೇ ಹೋಗಿ ಹಾಜರಾದ್ರೆ ಬಹುಶಃ ಒಂದೂ ಹೋಗುವುದಿಲ್ಲ. ನೀವೇ ಯೋಚನೆ ಮಾಡಿ.”

“ಯೋಚನೆ ನೀನು ಮಾಡು ಮಗಾ. ನಾನು ಅನ್ನಕ್ಕೆ ಇಡ್ತೇನೆ.”

“ಇದು ಉತ್ತರ ಅಲ್ಲ.”

“ಅಲ್ಲ. ಎಷ್ಟು ಪಾವು ಹಾಕ್ಲಿ ಹೇಳು, ಅವ್ರು ಅನ್ನ ತಿಂತಾರಾ ಇಲ್ವಾ?”

ತಿನ್ನುತ್ತಿದ್ದರು. ಒಳಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಮೂರು ವಾರಕ್ಕೂ ಹೆಚ್ಚು ಕಾಲ ನಾನು ಕಂಡಂತೆ ಮಾವನ ಅನ್ನ ಸಾರು ತಿಂದರು. ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದರು. ಒಂದು ದಿನ ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಬಾಗಿಲು ತಟ್ಟಿ ಪ್ರತಿ ಫ್ಲ್ಯಾಟಿನಲ್ಲಿ ಯಾರ‍್ಯಾರಿದ್ದಾರೆ ಎಂದು ಬರೆದುಕೊಡಬೇಕು, ಸೈನಿಕರು ಕೇಳಿದ್ದಾರೆ ಎಂದ. ನಾನು ಬರೆದೆ: ಶೀನಪ್ಪ, ಭಾರತೀಯ. ವಾರಿಜಾ, ಸೋದರಸೊಸೆ, ಭಾರತೀಯಳು. ಅವನು ಪಟ್ಟಿ ಓದಿದ, ಒಳಬಾಗಿಲ ಕಡೆ ಒಮ್ಮೆ ನೋಡಿದ. ಹೊಸ್ತಿಲ ಹತ್ತಿರ ಮಾವನ ಚಪ್ಪಲಿಯ ಪಕ್ಕ ದೊಡ್ಡದೊಂದು ಜೊತೆ ಬೂಟು ಇತ್ತು. ಕಾಲಿನಿಂದ ಅದನ್ನು ಒಳಕ್ಕೆ ದೂಡಿ, “ಯಲ್ಲಾ, ಆಯಿತು, ಇಬ್ಬರೇ,” ಎಂದು ಹೇಳಿ ಹೋದ. ಆ ಮನುಷ್ಯನ ಹೆಸರು ನನಗೆ ಈಗ ನೆನಪಿಲ್ಲ. ನಾನು ಬರೆಯದೆ ಹೋದ ದಾಖಲೆಗಳಲ್ಲಿ ಅದೂ ಒಂದು.

ಮಾಡಲು ಕೆಲಸವಿಲ್ಲದ ಆ ದಿನಗಳಲ್ಲಿ ನಾನು ಮತ್ತೆ ಹ್ಯಾನಾಳ ಮಾತು ತೆಗೆದೆ. ದನಿ ಏರಿಸುವ ಹಾಗಿರಲಿಲ್ಲ, ಹಾಗಾಗಿ ಪಿಸುಮಾತಿನಲ್ಲಿ ವಾದ. ಹ್ಯಾವರ್ಸನ್ ಅದೇ ಉತ್ತರ ಹೇಳುತ್ತಿದ್ದರು, ತನಗೆ ಗೊತ್ತಿಲ್ಲ. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಂಜೆ ಚಾ ಸೋಸುತ್ತ ಕೇಳಿದರು, “ನೀವಿಬ್ರು ದಿನಾ ಎಂತ ಕಚ್ಚಾಡುವುದು?”

ಹೇಳಿದೆ. ಮಾವ ಚಾ ಸೋಸಿ ಮುಗಿಸಿದರು.

“ಅವ್ರಿಗೆ ಗೊತ್ತುಂಟು,” ಎಂದರು.

“ಆಧಾರ?”

“ಆ ಮಾತು ಬಂದಾಗ ಎಲ್ಲ ಕೈ ಮುಚ್ಚಿಕೊಳ್ತಾರೆ. ನೀನು ಬಾಯಿ ನೋಡ್ತಿ, ಅದಕ್ಕೆ ನಿನಗೆ ಕಾಣುವುದಿಲ್ಲ.” ಮತ್ತೆ ಚಾ ಲೋಟ ಹಿಡಿದು ಒಳಗೆ ಹೋದರು. ಅವರ ಹರಕು ಹಿಂದಿ ಇಂಗ್ಲಿಷಿನಲ್ಲಿ ಏನು ಹೇಳಿದರೋ, ನಾನು ಬಾಗಿಲ ಹೊರಗಿದ್ದೆ, ಕೊನೆಯದಷ್ಟೇ ಕೇಳಿತು. “ಸಾಬ್, ಶಿ ಗೋಯಿಂಗ್ ಥರ್ಸ್‌ಡೇ. ಆಫ್ಟರ್, ಯು ಅಂಡ್ ಮಿ ಓನ್ಲಿ. ರೈಟಿಂಗ್ ಐ ಡೋಂಟ್ ನೋ.”

ನಿಜ. ನಮ್ಮವರನ್ನು ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿಸಿ ಜೋರ್ಡಾನಿಗೆ ಕಳಿಸುವ ವ್ಯವಸ್ಥೆಯಾಗಿತ್ತು, ಗುರುವಾರದ ಬಸ್ಸಿನಲ್ಲಿ ನನಗೆ ಜಾಗ ಸಿಕ್ಕಿತ್ತು. ಮಾವ ಹೊರಡುವುದಿಲ್ಲ ಎಂದಿದ್ದರು. ಕಾರಣ ಒಳಕೋಣೆಯಲ್ಲಿ ಕುಳಿತಿತ್ತು.

ಮಂಗಳವಾರ ಬೆಳಿಗ್ಗೆ ಹ್ಯಾವರ್ಸನ್ ನನ್ನನ್ನು ಕರೆದರು. ನೆಲದ ಮೇಲೆ ಹಾಸಿದ ಹಳೆಯ ಪೇಪರಿನ ಮೇಲೆ ಎರಡೂ ಕೈಗಳನ್ನು ಅಂಗಾತ ಇಟ್ಟರು. ಒಂದು ವರ್ಷ ಅವರ ಎದುರು ಕೂತಿದ್ದರೂ ನಾನು ನೋಡಿರಲಿಲ್ಲ: ಎರಡು ಕಿರುಬೆರಳುಗಳೂ ಮೇಲಿನ ಗೆಣ್ಣಿನಲ್ಲಿ ಒಳಕ್ಕೆ ಬಾಗಿದ್ದವು.

“ನನ್ನ ತಂದೆಗೂ ಹೀಗೇ. ಗವರ್ನರರ ತೈಲಚಿತ್ರದಲ್ಲೂ ಹೀಗೇ, ಚಿತ್ರಕಾರ ಮರೆಮಾಚಿಲ್ಲ,” ಎಂದರು. “ಮಾರಾಟ ಪತ್ರ ಇದೆ, ಮಿಸ್ ಶೆಟ್ಟಿ. ಆಫೀಸಿನ ಕಪಾಟಿನಲ್ಲಿ, ಗವರ್ನರರ ಭಾಷಣಗಳ ಲಕೋಟೆಯ ಒಳಗೆ. ಮಗುವನ್ನು ಗುರುತಿಸಲು ಅಂಗಲಕ್ಷಣ ಬರೆದಿದ್ದಾರೆ. ಎರಡೂ ಕೈಯ ಕಿರುಬೆರಳು ಬಾಗಿವೆ ಎಂದು. ಅವರು ಚುನಾವಣೆಗೆ ನಿಂತ ವರ್ಷ ಅದು. ಆ ಮಗು ಮನೆಗೆ ಬಂದುಹೋಗುವವರ ಕಣ್ಣಿಗೆ ಬೀಳುವುದು ಬೇಡವಾಗಿತ್ತು.”

ಆಮೇಲೆ ನಾನು ಕೇಳಿದ್ದು ಕಠೋರವಾಗಿ ಕೇಳಿಸಬಹುದು. “ಎಷ್ಟು ಸಲ ಓದಿದ್ದೀರಿ ಅದನ್ನು?”

“ಲೆಕ್ಕವಿಲ್ಲ.”

“ಹಾಗಾದರೆ ಕಣ್ಣು ಮುಚ್ಚಿ ಹೇಳಿ. ಮೊದಲ ಸಾಲಿನಿಂದ.”

ಕಪಾಟು ಸೈನಿಕರ ಕೈಯಲ್ಲಿತ್ತು. ಕಾಗದ ಇನ್ನು ಸಿಗುತ್ತದೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಈ ಮನುಷ್ಯ ನಾಳೆ ಸಿಕ್ಕಿಬಿದ್ದರೆ ಹ್ಯಾನಾ ಹೋದ ದಾರಿ ಇವರ ಜೊತೆಗೇ ಹೋಗುತ್ತಿತ್ತು. ಆದರೆ ನೆನಪು ದಾಖಲೆಯಲ್ಲ, ಅದು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ. ಅದಕ್ಕೆ ನಾನು ಮಾಡಿದ್ದು ಇಷ್ಟು, ಇದನ್ನು ಹೊಸಬರು ಕಲಿತರೆ ಒಳ್ಳೆಯದು: ಬೆಳಿಗ್ಗೆ ಒಮ್ಮೆ ಹೇಳಿಸಿದೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ಸಂಜೆ ಇನ್ನೊಮ್ಮೆ. ನಡುವೆ ಆ ವಿಷಯ ಎತ್ತಲಿಲ್ಲ. ಮೂರು ಸಲವೂ ಒಂದೇ ರೀತಿ ಬಂದದ್ದನ್ನು ಗಟ್ಟಿ ಎಂದು ಹಿಡಿದೆ. ಕೊಂಡವನು ಓಬೆಡ್ ಟ್ರಾಸ್ಕ್, ಹತ್ತಿ ವ್ಯಾಪಾರಿ. ಊರು ಪೈನ್ ಲ್ಯಾಂಡಿಂಗ್, ನದಿಯ ಕೆಳಹರಿವಿನಲ್ಲಿ. ಕಿರುಬೆರಳುಗಳು. ತಾಯಿಯ ಹೆಸರು ಲೇಯಾ. ತಿಂಗಳು ಮಾತ್ರ ಬೆಳಿಗ್ಗೆ ಮಾರ್ಚ್ ಆಗಿತ್ತು, ಸಂಜೆಗೆ ಏಪ್ರಿಲ್ ಆಯಿತು. ಅದನ್ನು ಅನುಮಾನದ ಪಟ್ಟಿಗೆ ಹಾಕಿದೆ.

“ಬರೆದುಕೊಳ್ಳಿ,” ಎಂದರು ಹ್ಯಾವರ್ಸನ್.

“ಬರೆಯುವುದು ಎಂತ ಬರೆಯುವುದು!” ಮಾವ ಗದರಿದರು. “ದಾರಿಯಲ್ಲಿ ಚೆಕ್ಕಿಂಗ್ ಉಂಟು. ಅಮೆರಿಕದ ಹೆಸರಿದ್ದ ಒಂದು ಚೀಟಿ ಸಿಕ್ಕಿದ್ರೆ ಇವಳನ್ನು ಇಳಿಸಿ ಕೇಳ್ತಾರೆ, ಎಲ್ಲಿಂದ ಸಿಕ್ಕಿತು ಅಂತ. ಆಮೇಲೆ ಇಲ್ಲಿಗೆ ಬರ್ತಾರೆ. ತಲೆಯಲ್ಲಿ ಇಟ್ಕೊ ಮಗಾ. ಭಾಷಣ ಬಾಯಿಪಾಠ ಮಾಡಿ ಕಪ್ ತಂದವಳಲ್ವಾ ನೀನು?”

ಬಾಯಿಪಾಠ ಮಾಡಿದೆ. ಹ್ಯಾವರ್ಸನ್ ಕೇಳಿದರು, ನಾನು ಒಪ್ಪಿಸಿದೆ. ಎಸ್ತರ್‌ರ ವಿಳಾಸವನ್ನೂ. ಕೊನೆಗೆ ಅವರು, “ನನ್ನ ಪರವಾಗಿ ಕ್ಷಮೆ ಕೇಳಿ” ಎಂದರು. ನಾನು ಒಪ್ಪಲಿಲ್ಲ. “ಆ ಪದ ಬರೆದದ್ದು ನನ್ನ ಕೈ. ನನ್ನದನ್ನು ನಾನು ಕೇಳಿಕೊಳ್ಳುತ್ತೇನೆ. ನಿಮ್ಮದನ್ನು ನೀವೇ ಬರೆಯಬೇಕು ಸರ್, ಬದುಕಿ ಹೋಗಿ ಬರೆಯಿರಿ.”

ಬಸ್ಸಿನಲ್ಲಿ ಮೂರು ಕಡೆ ತಪಾಸಣೆ. ಬಸ್ರಾದ ಈಚೆ ಒಬ್ಬ ಸೈನಿಕ, ನನಗಿಂತ ಚಿಕ್ಕವನು, ನನ್ನ ಚೀಲದಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದ. ಅಂಕಪಟ್ಟಿ, ಪಾಸ್‌ಪೋರ್ಟ್, ಅಮ್ಮನ ಪತ್ರ. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಓಬೆಡ್ ಟ್ರಾಸ್ಕ್, ಪೈನ್ ಲ್ಯಾಂಡಿಂಗ್. ಪಕ್ಕದ ಸೀಟಿನ ಹೆಂಗಸು ನನ್ನ ತುಟಿ ಆಡುವುದನ್ನು ನೋಡಿ, ಯಾವ ದೇವರ ಜಪ ಅಂತ ಕೇಳಿದಳು. ಮರುಭೂಮಿಯ ಗುಡಾರದಲ್ಲಿ ಆರು ದಿನ, ನೀರಿಗಾಗಿ ಸಾಲು, ಜ್ವರ. ಜ್ವರದಲ್ಲಿ ಭಯವಾದದ್ದು ಪ್ರಾಣಕ್ಕಲ್ಲ, ಹೆಸರು ಮರೆತುಹೋದರೆ ಎಂದು.

ಜೋರ್ಡಾನಿನ ರಾಜಧಾನಿ ಅಮ್ಮಾನಿನಲ್ಲಿ ನಮ್ಮನ್ನು ಇಳಿಸಿದ್ದ ಶಾಲೆಯಲ್ಲಿ ಮೊದಲು ಕೇಳಿದ್ದು ಪೆನ್ನು. ಯಾವುದೋ ಫಾರಮ್ಮಿನ ಹಿಂಬದಿಯಲ್ಲಿ ಎಸ್ತರ್‌ಗೆ ಬರೆದೆ. ‘ಹ್ಯಾನಾ ಸತ್ತಳು ಎಂದು ಹೇಳುವ ಕಾಗದ ಇಲ್ಲ. ಎಂದೂ ಇರಲಿಲ್ಲ. ನಾನು ನೋಡದೆ ಬರೆದೆ, ಕ್ಷಮಿಸಿ. ಅವಳನ್ನು ಮಾರಿದ ಕಾಗದ ಇತ್ತು. ಅದನ್ನು ನಾನು ಕಂಡಿಲ್ಲ, ಕಂಡವರ ಬಾಯಿಂದ ಮೂರು ಸಲ ಕೇಳಿದ್ದೇನೆ. ಅವರು ಯಾರು, ಎಲ್ಲಿದ್ದಾರೆ ಎಂದು ಈಗ ಹೇಳಲಾರೆ.’ ಗಟ್ಟಿ ಅನಿಸಿದ್ದನ್ನು ಒಂದು ಕಡೆ, ಅನುಮಾನದ್ದನ್ನು ಇನ್ನೊಂದು ಕಡೆ ಬರೆದು ಸಹಿ ಹಾಕಿದೆ. ಊಟ ಬಡಿಸಲು ಬಂದಿದ್ದ ಅಲ್ಲಿನ ಹುಡುಗಿಯೊಬ್ಬಳು ಅಂಚೆಗೆ ಹಾಕುತ್ತೇನೆಂದು ತೆಗೆದುಕೊಂಡು ಹೋದಳು. ಹಾಕಿದಳೋ ಇಲ್ಲವೋ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಡಿಸೆಂಬರಿನಲ್ಲಿ ಹಿಡಿದಿಟ್ಟವರನ್ನೂ ಅಡಗಿದ್ದವರನ್ನೂ ಬಿಡುತ್ತೇವೆಂದು ಇರಾಕ್ ಸಾರಿತು. ಹ್ಯಾವರ್ಸನ್ ಹಗಲು ಬೆಳಕಿನಲ್ಲಿ ಮಾವನ ಲುಂಗಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಮೆಟ್ಟಿಲಿಳಿದರಂತೆ. ಅದೇ ತಿಂಗಳು ಮಾವ ಊರಿಗೆ ಬಂದರು, ಹದಿನಾಲ್ಕು ಕಿಲೋ ಇಳಿದಿದ್ದರು. ಮರುವರ್ಷ ಯುದ್ಧ ಮುಗಿದ ಮೇಲೆ ಅವರು ಮತ್ತೆ ಕೆಲಸಕ್ಕೆ ಹೋದಾಗ ಶರ್ಕ್‌ನ ಆಫೀಸನ್ನು ನೋಡಿ ಬಂದು ಫೋನ್ ಮಾಡಿದರು. “ಕಪಾಟೂ ಇಲ್ಲ, ಬಾಗಿಲೂ ಇಲ್ಲ ಮಗಾ. ಕಿಟಕಿಯ ಚೌಕಟ್ಟನ್ನೂ ಬಿಚ್ಚಿದ್ದಾರೆ.”

ಹ್ಯಾವರ್ಸನ್ ನೆನಪಿನಿಂದಲೂ ಅಮೆರಿಕದಲ್ಲೇ ಉಳಿದಿದ್ದ ಕಾಗದಗಳಿಂದಲೂ ಪುಸ್ತಕವನ್ನು ಮತ್ತೆ ಕಟ್ಟಿದರು. ಪತ್ರಗಳಲ್ಲಿ ನಮ್ಮ ಜಗಳ ಮುಂದುವರಿಯಿತು, ಆದರೆ ಪಕ್ಷ ಬದಲಾಗಿತ್ತು. ಹ್ಯಾನಾಳ ತಂದೆ ಗವರ್ನರ್ ಎಂದೇ ಅಚ್ಚು ಹಾಕಿಸುತ್ತೇನೆ ಎಂದು ಅವರು. ಬಾಗಿದ ಬೆರಳು ಪುರಾವೆಯಲ್ಲ, ಊರಿನಲ್ಲಿ ಇನ್ನೂ ಎಷ್ಟು ಜನಕ್ಕೆ ಅಂಥ ಬೆರಳಿತ್ತೋ ಎಂದು ನಾನು. ಕೊನೆಗೆ ಒಂದು ದಾರಿ ಕಂಡಿತು. ಪ್ರತಿ ಹೆಸರಿನ ಮುಂದೆ ಒಂದು ಅಂಕಣ ಹೆಚ್ಚು ಮಾಡಿದೆವು: ‘ಯಾರು ಹೇಳಿದ್ದು’. ಕಾಗದ ಹೇಳಿದ್ದರೆ ಕಾಗದ, ಮನುಷ್ಯ ಹೇಳಿದ್ದರೆ ಆ ಮನುಷ್ಯನ ಹೆಸರು, ಯಾರೂ ಹೇಳದಿದ್ದರೆ ಖಾಲಿ. ಮಂಗಳೂರಿನಲ್ಲಿ ನಿವೃತ್ತಿಯವರೆಗೂ ಆ ಅಂಕಣವಿಲ್ಲದ ವಂಶವೃಕ್ಷಕ್ಕೆ ನಾನು ಸಹಿ ಹಾಕಲಿಲ್ಲ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು.

ತೊಂಬತ್ತೊಂದರ ಕೊನೆಯಲ್ಲಿ ಪುಸ್ತಕ ಬಂತು. ಲೇಯಾಳ ಪುಟ ಗವರ್ನರರ ಪುಟದ ಎದುರಿಗೇ ಇದೆ. ಆರನೆಯ ಮಗು ಹ್ಯಾನಾ. ನಾಲ್ಕನೆಯ ವಯಸ್ಸಿನಲ್ಲಿ ಪೈನ್ ಲ್ಯಾಂಡಿಂಗ್‌ನ ಓಬೆಡ್ ಟ್ರಾಸ್ಕ್‌ಗೆ ಮಾರಲಾಯಿತು. ತಿಂಗಳು ನಿಶ್ಚಯವಿಲ್ಲ. ಯಾರು ಹೇಳಿದ್ದು: ಸಂಕಲನಕಾರ, ಕಳೆದುಹೋದ ಕಾಗದದ ನೆನಪಿನಿಂದ. ತಂದೆ: ಗವರ್ನರ್ ಹ್ಯಾವರ್ಸನ್. ಯಾರು ಹೇಳಿದ್ದು: ಸಂಕಲನಕಾರನ ನಂಬಿಕೆ. ಮರಣದ ಅಂಕಣದಲ್ಲಿ ಏನೂ ಇಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇವಳ ಸಂತತಿಯ ವಿಷಯ ಬಲ್ಲವರು ಬರೆಯಬೇಕಾದ ವಿಳಾಸ. ಹ್ಯಾವರ್ಸನ್‌ರದ್ದಲ್ಲ. ಎಸ್ತರ್‌ರದ್ದು.

ಪುಸ್ತಕ ತಲುಪಿದ ಮೇಲೆ ಎಸ್ತರ್ ನನಗೆ ಬರೆದರು. ಅಮ್ಮಾನಿನಿಂದ ಹಾಕಿದ ಪತ್ರ ಸಿಕ್ಕಿತ್ತು, ನಾಲ್ಕು ತಿಂಗಳು ತಡವಾಗಿ. ಪೈನ್ ಲ್ಯಾಂಡಿಂಗ್‌ನ ಚರ್ಚಿಗೆ ಬರೆದು ಕೇಳಿದ್ದರು. ಟ್ರಾಸ್ಕ್ ಎಂಬ ಹೆಸರಿನವರು ಆ ಊರು ಬಿಟ್ಟು ತಲೆಮಾರುಗಳಾಗಿವೆ ಎಂದು ಉತ್ತರ ಬಂದಿತ್ತು. ಕ್ಷಮೆಯ ಬಗ್ಗೆ ಅವರು ಒಂದು ಮಾತನ್ನೂ ಬರೆದಿರಲಿಲ್ಲ. ಕೊನೆಯ ಸಾಲು ಇದು:

‘ನನಗೆ ಮಂಡಿನೋವು, ಆದರೂ ಪೋಸ್ಟ್‌ಮ್ಯಾನ್ ಬಂದ ಸದ್ದಾದರೆ ಈಗ ಬಾಗಿಲಿಗೆ ನಾನೇ ಹೋಗುತ್ತೇನೆ.’